ಲಿಬರ್ಟಿ ಎರಡು ಸಲ ಮುಳುಗಿತು

ತುಲಾಂಬೆನ್ನಿನ ಕಡಲ ದಂಡೆಯಲ್ಲಿ ಮರಳಿಲ್ಲ. ಮುಷ್ಟಿಯಷ್ಟು, ತೆಂಗಿನಕಾಯಿಯಷ್ಟು, ಕೆಲವು ಬೀಸುವ ಕಲ್ಲಿನಷ್ಟು ದೊಡ್ಡ ಕಪ್ಪು ಗುಂಡುಕಲ್ಲುಗಳು. ಅಲೆ ಬಂದು ಹಿಂದಕ್ಕೆ ಸರಿಯುವಾಗ ಅವು ಒಂದರ ಮೇಲೊಂದು ಉರುಳುವ ಸದ್ದು, ಕಣದಲ್ಲಿ ಕಡಲೆಕಾಯಿ ರಾಶಿ ಸರಿಸಿದ ಹಾಗೆ ಕೇಳುತ್ತದೆ. ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ನನಗೆ ಸಾಕಾಯಿತು. ಅದೇ ಕಲ್ಲುಗಳ ಮೇಲೆ ಅರವತ್ತು ದಾಟಿದಂತೆ ಕಾಣುವ ಹೆಂಗಸೊಬ್ಬರು ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಡೈವಿಂಗ್ ಸಿಲಿಂಡರನ್ನು ಅಡ್ಡಕ್ಕೆ ಹೊತ್ತು, ಕೈ ಬಿಟ್ಟುಕೊಂಡು ನಡೆದು ಹೋದರು. ನಮ್ಮೂರಿನ ಕಡೆ ನೀರಿನ ಕೊಡ ಹೊತ್ತವರ ನಡಿಗೆಯೇ ಅದು. ಸಿಲಿಂಡರಿನ ತೂಕ ತುಂಬಿದ ಕೊಡಕ್ಕೆ ಏನೂ ಕಡಿಮೆಯಿಲ್ಲ.

ನಾನು ನೋಡಲು ಬಂದದ್ದು ಒಂದು ಹಡಗನ್ನು. ದಂಡೆಯಲ್ಲಿ ನಿಂತರೆ ಅದು ಕಾಣುವುದಿಲ್ಲ. ತೀರದಿಂದ ಮೂವತ್ತು ನಲವತ್ತು ಮೀಟರು ದೂರದಲ್ಲಿ, ನೀರಿನ ಅಡಿಯಲ್ಲಿ, ತೀರಕ್ಕೆ ಸಮಾನಾಂತರವಾಗಿ ಒಂದು ಮಗ್ಗುಲಿಗೆ ಒರಗಿ ಮಲಗಿದೆ. ಉದ್ದ ಸುಮಾರು 120 ಮೀಟರ್. ಅದರ ಅತಿ ಎತ್ತರದ ಭಾಗ ನೀರಿನ ಮೇಲ್ಮೈಯಿಂದ ಐದು ಮೀಟರಿನಷ್ಟು ಕೆಳಗಿದ್ದರೆ, ಅತಿ ಆಳದ್ದು ಸುಮಾರು ಮೂವತ್ತು ಮೀಟರಿನಲ್ಲಿದೆ. ಯುದ್ಧಕಾಲದಲ್ಲಿ ನಾಶವಾದ ಹಡಗೊಂದನ್ನು ಇಷ್ಟು ಸುಲಭವಾಗಿ, ದೋಣಿಯ ಹಂಗಿಲ್ಲದೆ, ದಂಡೆಯಿಂದಲೇ ನೀರಿಗಿಳಿದು ನೋಡಬಹುದಾದ ಜಾಗ ಲೋಕದಲ್ಲಿ ಹೆಚ್ಚಿಲ್ಲ. ಅದಕ್ಕೇ ದಿನವೂ ಮುಳುಗುಗಾರರು ಸಾಲುಗಟ್ಟಿ ಬರುತ್ತಾರೆ. ಈಜು ಬಾರದ ನಾನು ಯಾಕೆ ಹೋದೆ ಎಂಬುದನ್ನು ಮಾತ್ರ ಸ್ವಲ್ಪ ವಿವರಿಸಬೇಕು.

ನನ್ನ ಸಂಶೋಧನೆ ಎರಡನೇ ಮಹಾಯುದ್ಧದ ಕಾಲದ ಮೈಸೂರು ಸಂಸ್ಥಾನದ ಆಹಾರ ನಿಯಂತ್ರಣದ ಕುರಿತದ್ದು. ಹೇಳಿದರೆ ಯಾರಿಗೂ ಕುತೂಹಲ ಹುಟ್ಟದ ವಿಷಯ. ರೇಷನ್ ಕಾರ್ಡು, ಲೆವಿ, ಅಮಲ್ದಾರರ ವರದಿ, ಒಂದು ತಾಲೂಕಿನಿಂದ ಇನ್ನೊಂದಕ್ಕೆ ರಾಗಿ ಸಾಗಿಸಲು ಬೇಕಾದ ಪರವಾನಗಿ. ನಾಲ್ಕು ವರ್ಷದಿಂದ ಇವುಗಳ ನಡುವೆಯೇ ಇದ್ದೇನೆ. ಈ ಕಡತಗಳಲ್ಲೆಲ್ಲ ಯುದ್ಧ ಅನ್ನುವುದು ಒಂದು ಪೀಠಿಕೆಯ ವಾಕ್ಯ ಮಾತ್ರ. ಯುದ್ಧದ ಪರಿಸ್ಥಿತಿಯ ಕಾರಣದಿಂದ ಎಂದು ಶುರುವಾಗುತ್ತದೆ, ಆಮೇಲೆ ಬರೀ ಪಲ್ಲ, ಸೇರು, ರೂಪಾಯಿ, ಆಣೆ. ಆ ಪೀಠಿಕೆಯ ವಾಕ್ಯದ ಆಚೆಗೆ ಏನಿತ್ತು ಎಂದು ಕಣ್ಣಾರೆ ಕಾಣುವ ಆಸೆ ನನಗೆ ಬಹಳ ದಿನದಿಂದ ಇತ್ತು. ಯೋಗ್ಯಕರ್ತಾದಲ್ಲಿ ಒಂದು ವಿಚಾರ ಸಂಕಿರಣಕ್ಕೆ ಕರೆ ಬಂದಾಗ, ಅಲ್ಲಿಂದ ಬಾಲಿಗೆ ಹೋಗಿ ಎರಡು ದಿನ ಉಳಿದು ಬರುವ ಲೆಕ್ಕ ಹಾಕಿದೆ. ಆ ಎರಡು ದಿನದ ಖರ್ಚು ನನ್ನದೇ. ಪ್ರಬಂಧದ ಯಾವ ಅಧ್ಯಾಯದಲ್ಲೂ ಅದು ಬರುವುದಿಲ್ಲ ಎಂದು ನನಗೆ ಹೇಳಬೇಕಾದವರು ಹೇಳಿಯಾಗಿತ್ತು.

ಹಡಗಿನ ಹೆಸರು ಲಿಬರ್ಟಿ. ಇಲ್ಲೊಂದು ತಪ್ಪನ್ನು ಮೊದಲೇ ತಿದ್ದಿಬಿಡುತ್ತೇನೆ, ಏಕೆಂದರೆ ತುಲಾಂಬೆನ್ನಿನ ಅರ್ಧ ಅಂಗಡಿ ಫಲಕಗಳೂ ಪ್ರವಾಸಿಗಳ ಬರಹಗಳೂ ಇದನ್ನು ಲಿಬರ್ಟಿ ಶಿಪ್ ಎಂದೇ ಕರೆಯುತ್ತವೆ. ಲಿಬರ್ಟಿ ಶಿಪ್ ಎಂಬುದು ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಒಂದೇ ಮಾದರಿಯಲ್ಲಿ, ಇಟ್ಟಿಗೆ ಸುಟ್ಟ ಹಾಗೆ, ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ಕಟ್ಟಿದ ಸರಕು ಹಡಗುಗಳ ವರ್ಗ. ಅದರಲ್ಲಿ ಮೊದಲನೆಯದು ನೀರಿಗಿಳಿದದ್ದು 1941ರ ಸೆಪ್ಟೆಂಬರಿನಲ್ಲಿ. ಇದು ಅದಲ್ಲ. ಈ ಹಡಗು ಅದಕ್ಕಿಂತ ಇಪ್ಪತ್ಮೂರು ವರ್ಷ ಹಿರಿಯದು. ಅಮೆರಿಕದ ನ್ಯೂಜೆರ್ಸಿಯ ಕೀರ್ನಿ ಎಂಬಲ್ಲಿ 1918ರಲ್ಲಿ ಕಟ್ಟಿ ನೀರಿಗಿಳಿಸಿದ್ದು. ಆ ವರ್ಷದ ಅಕ್ಟೋಬರಿನಲ್ಲಿ ನೌಕಾಪಡೆ ಅದನ್ನು ಸೇವೆಗೆ ಸೇರಿಸಿಕೊಂಡಿತು. ಮರುತಿಂಗಳೇ ಮೊದಲನೇ ಮಹಾಯುದ್ಧ ಮುಗಿದೇ ಹೋಯಿತು. ಹೀಗೆ ಒಂದು ಯುದ್ಧಕ್ಕೆ ತಡವಾಗಿ ಹುಟ್ಟಿ, ಎರಡು ದಶಕ ಸಾಮಾನ್ಯ ಸರಕು ಹೊತ್ತು, 1940ರಲ್ಲಿ ಅಮೆರಿಕದ ಭೂಸೈನ್ಯದ ಸಾಗಣೆ ಹಡಗಾಗಿ ಇನ್ನೊಂದು ಯುದ್ಧಕ್ಕೆ ಸೇರಿತು.

1942ರ ಜನವರಿಯಲ್ಲಿ ಅದು ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸ್ ಕಡೆಗೆ ಹೊರಟಿತ್ತು. ಹೊಟ್ಟೆಯಲ್ಲಿ ರೈಲ್ವೆಯ ಬಿಡಿಭಾಗಗಳು ಮತ್ತು ರಬ್ಬರು. ಈ ಸಂಗತಿಯನ್ನು ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸಿಗೆ ಒಂದು ಥರ ಆಗುತ್ತದೆ. ಮನಿಲಾ ಜಪಾನೀಯರ ಕೈಗೆ ಬಿದ್ದದ್ದು ಜನವರಿ 2ರಂದು. ಅಮೆರಿಕದ ಸೈನ್ಯ ಅಷ್ಟರಲ್ಲಿ ಬಟಾನ್ ಪರ್ಯಾಯ ದ್ವೀಪಕ್ಕೆ ಹಿಂದೆ ಸರಿದಿತ್ತು. ಹಡಗು ಟಾರ್ಪೆಡೊ ತಿಂದದ್ದು ಜನವರಿ 11ರಂದು. ಎಂದರೆ ರಾಜಧಾನಿಯೇ ಶತ್ರುವಿನ ಪಾಲಾಗಿದ್ದ ದೇಶಕ್ಕೆ ರೈಲಿನ ಬಿಡಿಭಾಗಗಳು ಹೋಗುತ್ತಿದ್ದವು. ಇನ್ನು ರಬ್ಬರು. ಅದೇ ಜನವರಿಯ ಮೊದಲ ವಾರದಲ್ಲಿ ಅಮೆರಿಕ ತನ್ನ ನಾಗರಿಕರಿಗೆ ಟೈರುಗಳ ರೇಷನ್ ಶುರು ಮಾಡಿತ್ತು. ಆ ಯುದ್ಧದಲ್ಲಿ ಅಲ್ಲಿ ಮೊಟ್ಟಮೊದಲು ರೇಷನ್ನಿಗೆ ಬಂದ ಸರಕು ಸಕ್ಕರೆಯಲ್ಲ, ಪೆಟ್ರೋಲಲ್ಲ, ಟೈರು. ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸ್ ಕೈಬಿಟ್ಟರೆ ಮಿತ್ರರಾಷ್ಟ್ರಗಳಿಗೆ ಸಿಗುವ ಸಹಜ ರಬ್ಬರಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೋದಂತೆ ಎಂದು ಎಲ್ಲರಿಗೂ ಗೊತ್ತಿತ್ತು. ಕೆಲವೇ ವಾರಗಳಲ್ಲಿ ಎರಡೂ ಹೋದವು.

ಟಾರ್ಪೆಡೊ ಬಿಟ್ಟದ್ದು ಜಪಾನಿನ ಜಲಾಂತರ್ಗಾಮಿ. ಪುಸ್ತಕಗಳಲ್ಲಿ ಅದರ ಸಂಖ್ಯೆ ಐ-166 ಎಂದಿರುತ್ತದೆ. ಆ ದಿನ ಅದು ಐ-66 ಆಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಜಪಾನ್ ತನ್ನ ಹಳೆಯ ಜಲಾಂತರ್ಗಾಮಿಗಳ ಸಂಖ್ಯೆಗೆಲ್ಲ ನೂರು ಕೂಡಿಸಿತು. ಲಾಂಬಾಕ್ ಜಲಸಂಧಿಯ ಹತ್ತಿರ ಏಟು ತಿಂದ ಲಿಬರ್ಟಿ ತಕ್ಷಣ ಮುಳುಗಲಿಲ್ಲ. ಅಮೆರಿಕದ ಪಾಲ್ ಜೋನ್ಸ್, ಡಚ್ಚರ ವಾನ್ ಗೆಂಟ್ ಎಂಬ ಎರಡು ವಿಧ್ವಂಸಕ ನೌಕೆಗಳು ಹಗ್ಗ ಕಟ್ಟಿ ಅದನ್ನು ಬಾಲಿಯ ಉತ್ತರ ತೀರದ ಸಿಂಗರಾಜದ ಬಂದರಿಗೆ ಎಳೆದೊಯ್ಯಲು ನೋಡಿದವು. ಒಳಗೆ ನೀರು ತುಂಬುತ್ತಲೇ ಇತ್ತು. ಅಲ್ಲಿಯವರೆಗೆ ತಲುಪುವುದಿಲ್ಲ ಎಂದು ಖಚಿತವಾದಾಗ ದಾರಿಯಲ್ಲಿ ಸಿಕ್ಕ ದಂಡೆಗೆ ಹತ್ತಿಸಿಬಿಟ್ಟರು. ಸರಕನ್ನಾದರೂ ಉಳಿಸಿಕೊಳ್ಳೋಣ ಎಂಬ ಯೋಚನೆ. ಹಾಗೆ ಸಿಕ್ಕ ದಂಡೆಯೇ ತುಲಾಂಬೆನ್. ಯಾರೂ ಆರಿಸಿದ್ದಲ್ಲ.

ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ಅದೇ ದಿನ ವಾನ್ ಗೆಂಟ್ ಬಾಂಕಾ ದ್ವೀಪದ ಹತ್ತಿರ ಬಂಡೆಗೆ ಬಡಿದು ಹಾಳಾಯಿತು. 18ರ ರಾತ್ರಿ ಜಪಾನೀಯರು ಬಾಲಿಯ ಸಾನುರ್ ತೀರದಲ್ಲಿ ಇಳಿದರು. ಐ-166 ಕೂಡ ಉಳಿಯಲಿಲ್ಲ. 1944ರ ಜುಲೈಯಲ್ಲಿ ಮಲಕ್ಕಾ ಜಲಸಂಧಿಯಲ್ಲಿ ಬ್ರಿಟಿಷರ ಟೆಲಿಮ್ಯಾಕಸ್ ಎಂಬ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಎಳೆದವುಗಳಲ್ಲಿ ಒಂದು, ಹೊಡೆದದ್ದು, ಎರಡೂ ಹೋಗಿ, ಹೊಡೆತ ತಿಂದದ್ದು ದಂಡೆಯ ಮೇಲೆ ಕೂತಿತು.

ಇದೆಲ್ಲ ನಮಗೆ ದೂರದ ಕಥೆಯಂತೆ ಕಾಣಬಹುದು. ಐ-66ರ ಜೊತೆಯ ಇನ್ನೊಂದು ಜಲಾಂತರ್ಗಾಮಿ ಐ-64, ಅದೇ ಜನವರಿಯ ಕೊನೆಯಲ್ಲಿ ಬಂಗಾಳ ಕೊಲ್ಲಿಗೆ ಬಂದು ಜಲತರಂಗ, ಜಲಪಾಲಕ ಎಂಬ ಎರಡು ಹಡಗುಗಳನ್ನು ಮುಳುಗಿಸಿತು. ಹೆಸರು ಕೇಳಿದರೇ ತಿಳಿಯುತ್ತದೆ, ಅವು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಭಾರತೀಯ ಹಡಗುಗಳು. ಆ ಕಂಪನಿಯನ್ನು ಕಟ್ಟಿದವರಲ್ಲಿ ಮುಖ್ಯರಾದ ವಾಲ್‌ಚಂದ್ ಹೀರಾಚಂದರೇ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದರು. ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ಮದರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಹೊರಟರು. ನನ್ನ ಕಡತಗಳು ದಪ್ಪವಾಗುವುದು ಸರಿಯಾಗಿ ಇಲ್ಲಿಂದ.

ಶಿರಾ ಸೀಮೆಯ ನಮ್ಮಜ್ಜಿಗೆ ಆಗ ಹತ್ತು ವರ್ಷವೋ ಏನೋ. ರಂಗೂನ್, ಸಿಂಗಾಪುರ ಎಂಬ ಹೆಸರುಗಳು ಅವಳಿಗೆ ಗೊತ್ತಿದ್ದವು, ಎಲ್ಲಿವೆ ಎಂದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಯುದ್ಧ ಎರಡೇ. ಒಂದು, ಇದ್ದಿಲು ಬಸ್ಸು. ಪೆಟ್ರೋಲಿಗೆ ರೇಷನ್ ಬಂದ ಮೇಲೆ ಬಸ್ಸಿನ ಹಿಂಭಾಗದಲ್ಲಿ ಒಲೆಯಂಥ ಪೀಪಾಯಿ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರಲ್ಲ, ಅದು. ಏರು ಬಂದರೆ ಜನ ಇಳಿದು ತಳ್ಳಬೇಕು. ಇನ್ನೊಂದು, ಹಗೇವು. ಲೆವಿ ವಸೂಲಿಗೆ ಬಂದವರು ಕಬ್ಬಿಣದ ಸಲಾಕೆ ಹಿಡಿದು ಅಂಗಳದ ನೆಲ ಕುಟ್ಟಿ ನೋಡುತ್ತಿದ್ದರಂತೆ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ರಾಗಿ ಇದೆ ಎಂದರ್ಥ. ನಮ್ಮ ಮುತ್ತಜ್ಜ ಹಗೇವಿನ ಬಾಯಿಯ ಮೇಲೆ ಎಮ್ಮೆ ಕಟ್ಟಿದ್ದನಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ನನ್ನ ವಿಷಯ ಆಯ್ಕೆಗೆ ಅದೇ ಕಾರಣ ಎಂದು ಸಂದರ್ಶನಗಳಲ್ಲಿ ಹೇಳುವುದಿಲ್ಲ, ಇಲ್ಲಿ ಹೇಳಬಹುದು.

ನೀರಿಗಿಳಿಯುವ ಹೊತ್ತು ಬಂತು. ನನ್ನ ಜೊತೆ ಬಂದ ಗೈಡ್ ಇಪ್ಪತ್ತೈದು ವರ್ಷದ ಹುಡುಗ, ಅದೇ ಊರಿನವನು. ನನ್ನನ್ನು ‘ಕಾಕ್’ ಎಂದು ಕರೆಯುತ್ತಿದ್ದ. ಅಣ್ಣನಿಗೂ ಅಕ್ಕನಿಗೂ ಅವರಲ್ಲಿ ಒಂದೇ ಮಾತು. ಲೈಫ್ ಜಾಕೆಟ್ ತೊಡಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಒಂದು ಗಾಳಿಬಳೆಯನ್ನು ಹಿಡಿಸಿ ಎಳೆದುಕೊಂಡು ಹೋದ. ಕಲ್ಲುಗಳ ಮೇಲೆ ಅಲೆ ಒಡೆಯುವ ನಾಲ್ಕು ಗಜ ದಾಟುವುದರಲ್ಲಿ ಎರಡು ಸಲ ಬಿದ್ದೆ. ದಾಟಿದ ಮೇಲೆ ಸುಮ್ಮನೆ ತೇಲುವುದಷ್ಟೇ.

ಮೊದಲು ಕಂಡದ್ದು ಬೂದು ಮರಳಿನ ಇಳಿಜಾರು. ಅದರಲ್ಲಿ ನೂರಾರು ತೆಳ್ಳಗಿನ ಮೀನುಗಳು ಬಾಲವನ್ನು ಮರಳಿನಲ್ಲಿ ಹುಗಿದುಕೊಂಡು, ಹೊಲದಲ್ಲಿ ಮೊಳಕೆ ಎದ್ದ ಹಾಗೆ ನಿಂತಿದ್ದವು. ಗಾರ್ಡನ್ ಈಲ್ ಅಂತೆ. ನಾವು ಮೇಲೆ ಹಾದರೆ ಒಟ್ಟಿಗೆ ಒಳಗೆ ಸೇರುತ್ತಿದ್ದವು. ಆಮೇಲೆ ನೀಲಿ ಮಬ್ಬಿನೊಳಗಿಂದ ಒಂದು ಕಪ್ಪು ಬೇಲಿಯಂಥದ್ದು ಎದ್ದು ಬಂತು. ಹಡಗು ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕೆಲುಬುಗಳಂತೆ ನಿಂತ ಕಬ್ಬಿಣದ ಪಟ್ಟಿಗಳು, ಅವುಗಳ ನಡುವೆ ತೂತು, ತೂತಿನೊಳಗೆ ಬೆಳಕು. ಕಬ್ಬಿಣದ್ದು ಎಂಬ ಗುರುತೇ ಇಲ್ಲದ ಹಾಗೆ ಹವಳ ಮುಚ್ಚಿಕೊಂಡಿದೆ. ಕೆಳಗೆ ಎಲ್ಲೋ ಆಳದಲ್ಲಿ ಮುಳುಗುಗಾರರ ದೀಪಗಳು ಹೊರಳಾಡುತ್ತಿದ್ದವು. ಅವರ ಗುಳ್ಳೆಗಳು ಎದ್ದು ಬಂದು ನನ್ನ ಹೊಟ್ಟೆಗೆ ತಾಗುತ್ತಿದ್ದವು. ನಾನು ಅಂದುಕೊಂಡಿದ್ದ ಯಾವ ಭಾವನೆಯೂ ಬರಲಿಲ್ಲ. ಯುದ್ಧವೂ ನೆನಪಾಗಲಿಲ್ಲ. ಉಪ್ಪುನೀರು ಮೂಗಿಗೆ ಹೋಗದಂತೆ ಉಸಿರಾಡುವುದೊಂದೇ ಚಿಂತೆ. ಇಪ್ಪತ್ತು ನಿಮಿಷಕ್ಕೆ ಕೈಸನ್ನೆ ಮಾಡಿ ದಂಡೆಗೆ ಬಂದುಬಿಟ್ಟೆ.

ದಂಡೆಯಲ್ಲಿ ಕೂತು ಚಹಾ ಕುಡಿಯುವಾಗ ಗೈಡ್ ಕೇಳಿದ, ಹೇಗಿತ್ತು ಎಂದು. ಚೆನ್ನಾಗಿತ್ತು ಎಂದೆ. ನಿಮ್ಮ ಮುಖ ನೋಡಿದರೆ ಹಾಗನ್ನಿಸುವುದಿಲ್ಲ ಎಂದ. ನಾನು ನನ್ನ ಕೆಲಸದ ಬಗ್ಗೆ ಹೇಳಿದೆ; ಹಡಗು ದಂಡೆಯ ಮೇಲಿದ್ದ ಕಾಲವನ್ನು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನೀರಿನ ಮೇಲಿನ ಹಡಗಿನ ಬಗ್ಗೆ ಕೇಳಿದವರು ಕಡಿಮೆ ಎನ್ನುತ್ತ ಎದ್ದ.

ಆ ಕಾಲದ ಬಗ್ಗೆ ಇಲ್ಲಿ ಹೇಳಬೇಕು. 1942ರಿಂದ 1963ರವರೆಗೆ, ಇಪ್ಪತ್ತೊಂದು ವರ್ಷ, ಲಿಬರ್ಟಿ ತುಲಾಂಬೆನ್ನಿನ ದಂಡೆಯ ಮೇಲೇ ಇತ್ತು. ಜಪಾನೀಯರ ಆಳ್ವಿಕೆ ಬಂತು, ಹೋಯಿತು. ಡಚ್ಚರು ಮರಳಿ ಬಂದು, ಹೋರಾಟ ನಡೆದು, ಇಂಡೋನೇಷ್ಯಾ ಸ್ವತಂತ್ರವಾಯಿತು. ಹಡಗು ತುಕ್ಕು ಹಿಡಿಯುತ್ತ, ಬಿಡಿಭಾಗಗಳನ್ನು ಕಳೆದುಕೊಳ್ಳುತ್ತ ಅಲ್ಲೇ ಇತ್ತು. ಕರಂಗಾಸೆಂ ಜಿಲ್ಲೆಯ ಈ ಮೂಲೆ ಒಣಭೂಮಿ. ನಾವು ಚಿತ್ರಗಳಲ್ಲಿ ನೋಡುವ ಬಾಲಿಯ ಮೆಟ್ಟಿಲು ಗದ್ದೆಗಳು ಇಲ್ಲಿಲ್ಲ. ಜೋಳ, ಮರಗೆಣಸು, ಕಡಲೆಕಾಯಿ, ತಾಳೆಮರ. ನಮ್ಮ ಶಿರಾದಂತೆಯೇ, ಸಮುದ್ರವೊಂದು ಹೆಚ್ಚು. ಅಂಥ ಊರಿಗೆ ಅಷ್ಟು ಕಬ್ಬಿಣ ತಾನಾಗಿ ಬಂದು ಬಾಗಿಲಲ್ಲಿ ಕೂತರೆ ಜನ ಸುಮ್ಮನಿರುತ್ತಾರೆಯೇ?

1963ರ ಸಂಗತಿ ಕನ್ನಡದವರಿಗೆ ವಿಶೇಷವಾಗಿ ಮುಟ್ಟುವಂಥದ್ದು. ಊರಿನ ಬೆನ್ನಿಗೇ ನಿಂತಿರುವ ಆಗುಂಗ್ ಪರ್ವತ ಬಾಲಿಯ ಹಿಂದೂಗಳಿಗೆ ಮೇರುವಿನ ಸಮಾನ. ಅದರ ಇಳಿಜಾರಿನ ಬೆಸಾಕಿ ದೇವಾಲಯದಲ್ಲಿ ನೂರು ವರ್ಷಕ್ಕೊಮ್ಮೆ ನಡೆಯಬೇಕಾದ ಒಂದು ಮಹಾಪೂಜೆಯಿದೆ. ಅದರ ಹೆಸರು ಏಕಾದಶ ರುದ್ರ. ಅವರು ಏಕ ದಶ ರುದ್ರ ಎನ್ನುತ್ತಾರೆ, ನಮಗೆ ಅನುವಾದ ಬೇಕಿಲ್ಲ. ಆ ಪೂಜೆಯನ್ನು 1963ರ ಮಾರ್ಚಿನಲ್ಲಿ ಮಾಡುವುದೆಂದು ನಿಶ್ಚಯವಾಗಿತ್ತು. ಫೆಬ್ರವರಿ 18ಕ್ಕೆ ಬೆಟ್ಟ ಹೊಗೆಯಾಡಲು ಶುರುವಾಯಿತು. ನಿಲ್ಲಿಸಬೇಕೋ ಬೇಡವೋ ಎಂಬ ಮಾತು ನಡುವೆ ಬಂದರೂ ಪೂಜೆ ನಡೆಯಿತು. ಮಾರ್ಚ್ 17ಕ್ಕೆ ಬೆಟ್ಟ ಒಡೆಯಿತು. ಬಿಸಿ ಬೂದಿ, ಲಾವಾ, ಆಮೇಲೆ ಮಳೆಯೊಂದಿಗೆ ಇಳಿದ ಕೆಸರಿನ ಹೊಳೆ. ಸಾವಿರಕ್ಕೂ ಹೆಚ್ಚು ಜನ ಸತ್ತರು. ಪೂಜೆ ನಡೆದ ಬೆಸಾಕಿಯ ಮುಖ್ಯ ಗುಡಿಗಳು ಉಳಿದವು. ಲಾವಾ ಅವುಗಳ ಪಕ್ಕದಲ್ಲೇ ಹಾದುಹೋಯಿತು. ಇದನ್ನು ದೇವರ ಕೋಪವೆಂದವರೂ ಕೃಪೆಯೆಂದವರೂ ಇದ್ದರು. ಮೇ ತಿಂಗಳಲ್ಲಿ ಇನ್ನೊಮ್ಮೆ ದೊಡ್ಡದಾಗಿ ಒಡೆಯಿತು. ಅದರ ಧೂಳು ಆಕಾಶದ ಎತ್ತರದ ಪದರಕ್ಕೆ ಹೋಗಿ ಲೋಕವನ್ನೆಲ್ಲ ಸುತ್ತಿದ್ದನ್ನು ಹವಾಮಾನ ವಿಜ್ಞಾನಿಗಳು ಇಂದಿಗೂ ಅಧ್ಯಯನ ಮಾಡುತ್ತಾರೆ.

ಆ ನಡುಕದಲ್ಲಿ, ಲಾವಾ ಮತ್ತು ಕಲ್ಲುಗಳ ನೂಕಿನಲ್ಲಿ, ಲಿಬರ್ಟಿ ದಂಡೆಯಿಂದ ಜಾರಿ ನೀರಿಗೆ ಹೋಯಿತು. ಟಾರ್ಪೆಡೊ ಮಾಡಲಾಗದ ಕೆಲಸವನ್ನು ಇಪ್ಪತ್ತೊಂದು ವರ್ಷದ ಮೇಲೆ ಬೆಟ್ಟ ಮಾಡಿತು. ಇವತ್ತು ಡೈವಿಂಗಿಗೆ ಬರುವವರು ನೋಡುವ ಮುರಿದ ಬೆನ್ನು, ಹರಡಿದ ತಗಡು, ಅದರಲ್ಲಿ ಎಷ್ಟು ಯುದ್ಧದ್ದು, ಎಷ್ಟು ಬೆಟ್ಟದ್ದು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಯುದ್ಧದ ಹಡಗು ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ನಾನೂ ಬೆಂಗಳೂರಿನಿಂದ ಹೊರಡುವಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ 1942 ಎಂದು ದೊಡ್ಡದಾಗಿ ಬರೆದು, ಕೆಳಗೆ ಎರಡು ಸಲ ಗೀಟು ಹಾಕಿದ್ದೆ.

ಗೈಡ್ ಕರೆದುಕೊಂಡು ಹೋದದ್ದು ರಸ್ತೆಯ ಆಚೆಗಿನ ಒಂದು ಮನೆಗೆ. ಅಂಗಳದ ಮೂಲೆಯಲ್ಲಿ ಗುಡಿ, ಗುಡಿಯ ಮುಂದೆ ಗರಿಯ ದೊನ್ನೆಯಲ್ಲಿ ಹೂವು, ಅಕ್ಕಿ. ಅಜ್ಜ ಮಂಚದಂಥ ಕಟ್ಟೆಯ ಮೇಲೆ ಕೂತಿದ್ದರು. ಹುಡುಗ ಅವರನ್ನು ‘ಪೆಕಾಕ್’ ಎಂದು ಕರೆದ. ತಾತ ಎಂದರ್ಥ, ಸ್ವಂತ ತಾತನಲ್ಲ. ಬೆಟ್ಟ ಒಡೆದಾಗ ತಮಗೆ ಹದಿನೈದು ಎಂದರು. ಅವರು ಬಾಲಿ ಭಾಷೆಯಲ್ಲಿ ಹೇಳಿದ್ದನ್ನು ಹುಡುಗ ಇಂಗ್ಲಿಷಿಗೆ ತಂದ, ನಾನು ಕನ್ನಡದಲ್ಲಿ ಬರೆದುಕೊಂಡೆ. ಎಷ್ಟು ಸೋರಿತೋ.

ನನ್ನ ಪ್ರಶ್ನೆಗಳೆಲ್ಲ ಹಡಗಿನ ಬಗ್ಗೆ. ಎಲ್ಲಿತ್ತು, ಯಾವ ಕಡೆ ವಾಲಿತ್ತು, ಒಳಗೆ ಏನಿತ್ತು. ಅಜ್ಜ ತಾಳ್ಮೆಯಿಂದ ಉತ್ತರ ಕೊಟ್ಟರು. ಹುಡುಗರೆಲ್ಲ ಹತ್ತಿ ಮೇಲಿಂದ ನೀರಿಗೆ ಹಾರುತ್ತಿದ್ದರಂತೆ. ಮಧ್ಯಾಹ್ನ ಕಬ್ಬಿಣ ಕಾದು ಕಾಲು ಸುಡುತ್ತಿತ್ತಂತೆ. ಅದರ ನೆರಳಿನಲ್ಲಿ ಮೀನು ಹಿಡಿಯುವವರು ಬಲೆ ರಿಪೇರಿ ಮಾಡುತ್ತಿದ್ದರಂತೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದ ದಪ್ಪ ತಗಡೊಂದನ್ನು ತೋರಿಸಿ, ಅದು ಅಲ್ಲಿಯದೇ ಎಂದರು. ಅದಕ್ಕೆ ದಾಖಲೆಯಿಲ್ಲ. ಮೊಳೆ ಹೊಡೆದ ತೂತುಗಳ ಸಾಲಿತ್ತು. ನಾನು ಫೋಟೊ ತೆಗೆದುಕೊಂಡೆ.

ಆಮೇಲೆ ಬೆಟ್ಟದ ಮಾತು ಬಂತು. ಮನೆಯವರೆಲ್ಲ ಓಡಿದರು, ತಿಂಗಳುಗಟ್ಟಲೆ ಬೇರೆ ಊರಲ್ಲಿದ್ದರು. ವಾಪಸ್ ಬಂದಾಗ ಹೊಲ ಇರಲಿಲ್ಲ, ಕಲ್ಲಿತ್ತು. ಮನೆ ಇರಲಿಲ್ಲ. ದಂಡೆಗೆ ಹೋಗಿ ನೋಡಿದರೆ ಹಡಗೂ ಇರಲಿಲ್ಲ.

‘ಎಷ್ಟು ಜನ ಹೋದರು, ನಿಮ್ಮ ಮನೆಯಲ್ಲಿ?’ ಎಂದು ಕೇಳಿದೆ. ಅಜ್ಜ ಎರಡು ಬೆರಳು ತೋರಿಸಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಹುಡುಗನ ಮುಖ ನೋಡಿದೆ. ಅವನಿಗೂ ಇದು ಗೊತ್ತಿರಲಿಲ್ಲ ಎಂದು ಕಂಡಿತು. ದಿನಕ್ಕೆ ಎರಡು ಸಲ ಆ ಹಡಗನ್ನು ತೋರಿಸುವವನು, ಅದರ ಉದ್ದಗಲ, ಟಾರ್ಪೆಡೊ ಬಿಟ್ಟ ಜಲಾಂತರ್ಗಾಮಿಯ ಸಂಖ್ಯೆ ಎಲ್ಲ ಬಾಯಿಪಾಠವಿರುವವನು. ಅವನ ತಪ್ಪೇನಿಲ್ಲ. ಹಡಗಿನ ಬಗ್ಗೆ ಓದಲು ಸಿಗುತ್ತದೆ: ಎಲ್ಲಿ ಕಟ್ಟಿದರು, ಯಾವಾಗ ಸೇನೆಗೆ ಬಂತು, ಯಾರು ಎಳೆದರು. ನೌಕಾಪಡೆಗಳು ಕಡತ ಇಡುತ್ತವೆ. ತುಲಾಂಬೆನ್ನಿನ ಹೊಲಗಳಿಗೆ ಕಡತ ಇಟ್ಟವರು ಯಾರು? ನನ್ನ ಅಮಲ್ದಾರರ ಕಡತಗಳಲ್ಲೂ ಹೀಗೇ. ಎಷ್ಟು ಪಲ್ಲ ರಾಗಿ ವಸೂಲಾಯಿತು ಎಂದಿದೆ, ಆ ವರ್ಷ ಆ ಮನೆಯವರು ಏನು ಉಂಡರು ಎಂದಿಲ್ಲ.

ಹುಮ್ಮಸ್ಸಿನಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಬೆಟ್ಟದ ಎರಡು ವರ್ಷದ ಮೇಲೆ, ಅರವತ್ತೈದರಲ್ಲಿ, ಈ ಕಡೆ ಹೇಗಿತ್ತು? ಹುಡುಗ ಆ ಪ್ರಶ್ನೆಯನ್ನು ಅನುವಾದಿಸಲಿಲ್ಲ. ನನ್ನ ಕಡೆ ನೋಡಿ, ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿ, ಅಜ್ಜನಿಗೆ ಬೇರೇನೋ ಹೇಳಿದ. 1965ರ ಡಿಸೆಂಬರಿನಿಂದ 66ರ ಮೊದಲ ತಿಂಗಳುಗಳವರೆಗೆ, ಕಮ್ಯುನಿಸ್ಟರು, ಅವರ ಬೆಂಬಲಿಗರು ಎಂಬ ಹೆಸರಿನಲ್ಲಿ ಬಾಲಿಯಲ್ಲಿ ಕೊಂದವರ ಸಂಖ್ಯೆ ಸುಮಾರು ಎಂಬತ್ತು ಸಾವಿರ ಎಂದು ಇತಿಹಾಸಕಾರರ ಅಂದಾಜು. ದ್ವೀಪದ ಜನಸಂಖ್ಯೆಯ ನೂರಕ್ಕೆ ಐದು. ಕೊಂದವರು ಹೊರಗಿನವರಷ್ಟೇ ಅಲ್ಲ, ನೆರೆಹೊರೆಯವರೂ ಹೌದು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದೇನೆ ಎಂಬ ಸಲುಗೆಯಿಂದ ಒಬ್ಬರ ಅಂಗಳದಲ್ಲಿ ಕೂತು, ಚಹಾ ಕುಡಿಯುತ್ತ, ಒಂದು ಗಂಟೆಯ ಪರಿಚಯದಲ್ಲಿ ಕೇಳಿಬಿಟ್ಟೆ. ಸಂದರ್ಶನ ಮಾಡುವ ಕ್ರಮದ ಬಗ್ಗೆ ನಾನು ಕಿರಿಯರಿಗೆ ಪಾಠ ಬೇರೆ ಮಾಡುತ್ತೇನೆ. ಆ ಹೊತ್ತಿಗೆ ನನಗಿಂತ ಆ ಹುಡುಗನೇ ಒಳ್ಳೆಯ ಸಂಶೋಧಕನಾಗಿದ್ದ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜನೇ ಏನೋ ಕೇಳಿದರು. ಹುಡುಗ ನಗುತ್ತ ನನ್ನ ಕಡೆ ತಿರುಗಿದ.

‘ಕಾಕ್, ಪೆಕಾಕ್ ಕೇಳುತ್ತಿದ್ದಾರೆ. ಆ ಯುದ್ಧದಲ್ಲಿ ನಿಮ್ಮ ಊರಲ್ಲಿ ಏನಾಯಿತು?’

ನಮ್ಮ ಊರಿಗೆ ಯುದ್ಧ ಬಂದಿರಲಿಲ್ಲ ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡು ಹಗೇವಿನ ಕಥೆ ಹೇಳಿದೆ. ನೆಲದಲ್ಲಿ ಹೂಜಿಯ ಆಕಾರದಲ್ಲಿ ಅಗೆದ ಗುಂಡಿ, ಒಳಗೆ ಹುಲ್ಲು ಹಾಸಿ ತುಂಬಿದ ರಾಗಿ, ಕಬ್ಬಿಣದ ಸಲಾಕೆ, ಬಾಯಿಯ ಮೇಲೆ ಕಟ್ಟಿದ ಎಮ್ಮೆ. ರಾಗಿ ಎಂದರೆ ಏನೆಂದು ವಿವರಿಸುವುದೇ ಕಷ್ಟವಾಯಿತು. ಫೋನಿನಲ್ಲಿ ಚಿತ್ರ ತೋರಿಸಿದೆ. ಹುಡುಗ ಕೈಯಲ್ಲಿ ಗುಂಡಿಯ ಆಕಾರ ಮಾಡಿ ತೋರಿಸುತ್ತ ಹೇಳಿದ. ಎಮ್ಮೆಯ ಮಾತು ಬಂದಾಗ ಅಜ್ಜ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಅವರು ಉದ್ದಕ್ಕೆ ಏನೋ ಹೇಳಿದರು, ಹುಡುಗ ನಡುನಡುವೆ ತಡೆದು ಕೇಳುತ್ತ ಹೋದ.

ತಾವು ಹುಟ್ಟುವ ಮುಂಚಿನ ಮಾತು ಅದು. ಜಪಾನೀಯರು ಧಾನ್ಯಕ್ಕೆ ಬರುತ್ತಿದ್ದರಂತೆ. ತಾಯಿ ಜೋಳ ಬಚ್ಚಿಡುತ್ತಿದ್ದಳಂತೆ. ನಿಮ್ಮ ಹಾಗೆ ನೆಲದಲ್ಲಲ್ಲ, ಇಲ್ಲಿ ಅಗೆದರೆ ಬರೀ ಕಲ್ಲು. ಸೂರಿನ ಗರಿಯೊಳಗೆ, ತೆನೆ ತೆನೆಯಾಗಿ ಸಿಕ್ಕಿಸಿ. ರಾತ್ರಿ ಇಲಿ ಬಂದರೆ ಮೇಲಿಂದ ಕಾಳು ಉದುರುತ್ತಿತ್ತಂತೆ. ಬೆಳಗ್ಗೆ ಬಂದವರು ನೋಡಬಾರದಲ್ಲ, ಕತ್ತಲಲ್ಲೇ ಎದ್ದು ತಡಕಾಡಿ, ಒಂದೊಂದೇ ಆರಿಸಬೇಕಿತ್ತಂತೆ.

ಅಜ್ಜ ಕಟ್ಟೆಯಿಂದ ಇಳಿದು, ನೆಲದ ಮೇಲೆ ಕೈಯಾಡಿಸಿ, ಹೇಗೆ ಎಂದು ತೋರಿಸಿದರು.